ಪುಡಿ ಡಬ್ಬಿ ಬೀಗದೊಳಗಿದೆ

ಮಗಳೇ,

ನಿನ್ನ ಪ್ರೋಟೀನ್ ಪುಡಿಯ ಡಬ್ಬಿಯನ್ನು ನನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೇನೆ. ಹುಡುಕಬೇಡ.

ಒಂದು ಬಟ್ಟಲು ಕಡಲೆ, ಎರಡು ಮೊಟ್ಟೆ ಬೇಯಿಸಿಟ್ಟಿದ್ದೇನೆ. ಯಾವುದರಲ್ಲಿ ಎಷ್ಟು ಪ್ರೋಟೀನ್ ಅಂತ ನಿಮ್ಮಪ್ಪನಿಗೆ ಡಾಕ್ಟರು ಬರೆದುಕೊಟ್ಟ ಪಟ್ಟಿ ತೆಗೆದು ನೋಡಿದೆ. ನಿನ್ನ ಒಂದು ಚಮಚ ಪುಡಿಗೆ ಇವು ಏನೂ ಕಡಿಮೆಯಿಲ್ಲ.

"ಅಗಿಯೋಕೆ ಟೈಮಿಲ್ಲಮ್ಮ" ಅಂತ ದಿನವೂ ನಿಂತಲ್ಲೇ ಗಟಗಟ ಕುಡಿದು ಓಡುತ್ತೀಯಲ್ಲ! ನಿಮ್ಮಪ್ಪ ಕೊನೆಯ ಎರಡು ತಿಂಗಳು ಪುಡಿ ಕುಡಿದದ್ದು ಅಗಿಯಲಾಗದೆ. "ಹೊಟ್ಟೆ ತುಂಬತ್ತೆ ಕಣೆ, ಊಟ ಮಾಡ್ದಂಗಾಗಲ್ಲ" ಅನ್ನುತ್ತಿದ್ದರು. ನಿನಗೆ ದೇವರು ಹಲ್ಲನ್ನೂ ಕೊಟ್ಟಿದ್ದಾನೆ, ಕಡಲೆಯನ್ನೂ ಕೊಟ್ಟಿದ್ದಾನೆ. ಇನ್ನೇನು ಬೇಕು ನಿನಗೆ?

ಪ್ರಾರ್ಥನೆ ಮುಗಿಸಿ ಎಂಟಕ್ಕೆ ಬರುತ್ತೇನೆ. ನನ್ನೆದುರು ಕೂತು ತಿನ್ನು. ಈ ಮನೆಯಲ್ಲಿ ಇನ್ನೊಬ್ಬರು ಲೋಟದಲ್ಲಿ ಊಟ ಮುಗಿಸುವುದನ್ನು ನೋಡುವ ಶಕ್ತಿ ನನಗಿಲ್ಲ.

ಅಮ್ಮ