ನಿನ್ನ ಕತ್ತಿನ ಗಂಟು

ಅಕ್ಕಾ,

ಇವತ್ತು ನಮ್ಮ ಲ್ಯಾಬಿಗೆ ನಿನ್ನ ಹಾಗೇ ಕಿಡ್ನಿ ಕಸಿಯಾದವರೊಬ್ಬರು ಬಂದಿದ್ದರು. ಕತ್ತಿನಲ್ಲಿ ಅಂಥದ್ದೇ ಗಂಟು, ರಕ್ತ ಪರೀಕ್ಷೆಯಲ್ಲಿ ಏನೂ ಇಲ್ಲ. ಆದರೂ ಹೊಸ ಡಾಕ್ಟರಮ್ಮ ಗಂಟಿಗೇ ಸೂಜಿ ಹಾಕಿಸಿ ಒಳಗಿನ ದ್ರವ ತೆಗೆಸಿದರು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಜೀವಕೋಶಗಳ ತುಂಬ ಪರೋಪಜೀವಿಗಳು. "ನಿರೋಧಕ ಶಕ್ತಿ ಕುಗ್ಗಿಸೋ ಮಾತ್ರೆ ತಗೊಳ್ಳೋರ ರಕ್ತ, ರೋಗ ಇದ್ರೂ ಬಾಯಿ ಬಿಡಲ್ಲ. ಗೊತ್ತಲ್ವಾ ನಿಮಗೆ?" ಅಂದರು. ಗೊತ್ತು ಅಂತ ತಲೆಯಾಡಿಸಿದೆ. ಸಂಜೆಗೇ ಅವರಿಗೆ ಚಿಕಿತ್ಸೆ ಶುರುವಾಯಿತು.

"ಸೂಜಿ ಹಾಕಿ ನೋಡೋದು ಬೇಡ್ವೇನೋ?" ಅಂತ ನೀನೂ ಕೇಳಿದ್ದೆ. ನಾನು ಏನೂ ಇಲ್ಲ ಅಂತ ಬಂದಿದ್ದ ನಿನ್ನ ರಕ್ತದ ರಿಪೋರ್ಟಿನ ಮೇಲೆ ಬೆರಳಿಟ್ಟು ನಕ್ಕಿದ್ದೆ.

ಅಮ್ಮ ಈಗಲೂ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ: "ಅವಳ ತಮ್ಮನೇ ಲ್ಯಾಬಲ್ಲಿದ್ದ, ನೋಡೋದೆಲ್ಲ ನೋಡಿದ. ಅವಳ ಆಯಸ್ಸೇ ಅಷ್ಟಿತ್ತು."

ನಾನು ಬಂದವರಿಗೆ ಕುರ್ಚಿ ಹಾಕುತ್ತೇನೆ.