ನೀರು ಇಳಿದ ಮೇಲೆ

ನೀಲ್ ದ್ವೀಪ, ಅಂಡಮಾನ್
ಜುಲೈ 16

ಮುರುಗೇಶ್ ಅವರಿಗೆ,

ಹೇಮಾವತಿ ಬರೆಯುತ್ತಿದ್ದೇನೆ. ನಾವು ಚೆನ್ನಾಗಿದ್ದೇವೆ, ಬಟ್ಟೆ ಮಾತ್ರ ಒಣಗುತ್ತಿಲ್ಲ. ನೀವು ಸಂಡೂರಿನಿಂದ ಫೋನ್ ಮಾಡಿ, "ಪಂಚಮಿ ಮುಗಿದ ಮ್ಯಾಲೆ ಕರಕೊಂಡು ಹೋಗಾಕ ಬರ್ಲೋ ಬ್ಯಾಡೋ, ಒಂದು ಮಾತು ಹೇಳು" ಎಂದಿದ್ದಿರಿ. ವರ್ಷದಿಂದ ಚಿಕ್ಕಜಂತಕಲ್ಲಿನಲ್ಲಿ ಅವ್ವನ ಮನೆ ಸೇರಿರುವ ನನಗೆ ಆ ಒಂದು ಮಾತು ಹೊರಡಲಿಲ್ಲ. ಉತ್ತರ ಕೊಡುವ ಬದಲು ಚೆನ್ನೈಗೆ ಹೋಗಿ ಹಡಗು ಹತ್ತಿದೆ.

ಮದುವೆಯ ಹೊಸದರಲ್ಲಿ ಭಾನುವಾರದ ಪೇಪರಿನಲ್ಲಿ ಕಡಿಮೆ ಖರ್ಚಿನಲ್ಲಿ ದ್ವೀಪ ಸುತ್ತುವ ಬಗ್ಗೆ ಒಂದು ಲೇಖನ ಬಂದಿತ್ತು. ಅದನ್ನು ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿದವರು ನೀವು. ಖಾಸಗಿ ದೋಣಿ ಬೇಡ, ಸರ್ಕಾರಿ ಫೆರಿ ಸಾಕು. ಮಳೆಗಾಲದಲ್ಲಿ ರೂಮು ಅಗ್ಗ. ಹೋಟೆಲು ಬಿಟ್ಟು ದೋಣಿ ನಿಲ್ಲುವ ಜೆಟ್ಟಿಯ ಹತ್ತಿರದ ಅಂಗಡಿಗಳಲ್ಲಿ ಉಣ್ಣಿ. ಸೀರೆ ತೆಗೆಯುವಾಗಲೆಲ್ಲ ಓದಿ ನನಗೆ ಅದು ಬಾಯಿಪಾಠವಾಗಿತ್ತು. ಬರೆದದ್ದೆಲ್ಲ ನಿಜ. ಮಳೆಗಾಲದ ಕಡಲು ಹೇಗಿರುತ್ತದೆ ಎಂಬುದನ್ನು ಮಾತ್ರ ಬರೆದಿರಲಿಲ್ಲ.

ಅವ್ವ ಜೊತೆಗಿದ್ದಾಳೆ. ಒಬ್ಬಳೇ ಹೋಗುತ್ತೇನೆ ಎಂದಿದ್ದಕ್ಕೆ, "ತಿಪ್ಪಕ್ಕನ ಮಗಳು ನೀರು ದಾಟಿ ಓಡಿಹೋದ್ಳು ಅಂತ ಊರು ಆಡ್ಕೊಳ್ಳಾಕ ನಾ ಬಿಡಾಕಿಲ್ಲ, ಓಡೋದಾದ್ರ ಇಬ್ರೂ ಓಡೋಣು" ಎಂದು ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೊರಟಳು. ಹಡಗಿನಲ್ಲಿ ವಾಂತಿ ಮಾಡಿಕೊಂಡು ಮಲಗಿದಳು. ಎದ್ದ ಮೇಲೆ ಸುತ್ತಲಿನವರಿಗೆಲ್ಲ ರೊಟ್ಟಿ ಹಂಚಿದಳು.

ನಾನು ಎಲ್ಲಿಯೂ ನಿಲ್ಲಲಿಲ್ಲ. ಪೋರ್ಟ್ ಬ್ಲೇರಿನಲ್ಲಿ ಇಳಿದು ಮರುದಿನವೇ ಹ್ಯಾವ್ಲಾಕಿಗೆ ಹೋದೆ. ಅಲ್ಲಿ ಮರಳಿನ ಮೇಲೆ ಕೂತ ಸ್ವಲ್ಪ ಹೊತ್ತಿಗೇ ಎದ್ದು, ನೀಲ್‌ಗೆ ಫೆರಿ ಯಾವಾಗ ಎಂದು ವಿಚಾರಿಸಿದೆ. ಒಂದು ದ್ವೀಪದಲ್ಲಿ ಇಳಿಯುವ ಮೊದಲೇ ಮುಂದಿನದರ ಯೋಚನೆ. ಅವ್ವ ಡೆಕ್ಕಿನ ಕಂಬಿ ಹಿಡಿದು, "ಕುಂದರಲೇ ಹೇಮಿ, ದೋಣಿಗಿಂತ ನೀನೇ ಭಾಳ ಅಲ್ಲಾಡ್ತಿ" ಎಂದು ಬೈದಳು. ಪಕ್ಕದವರಿಗೆ ಭಾಷೆ ತಿಳಿಯದಿದ್ದರೂ ನಕ್ಕರು.

ನಿನ್ನೆಯ ಸಂಗತಿ ಹೇಳಬೇಕು. ಇಲ್ಲಿ ಕಡಲಿನ ಅಂಚಿನಲ್ಲಿ ತಾನಾಗಿಯೇ ಆದ ಕಲ್ಲಿನ ಸೇತುವೆ ಇದೆ. ಅಲ್ಲಿಗೆ ಬಂಡೆಗಳ ಮೇಲೆ ನಡೆದು ಹೋಗಬೇಕು. ನಾವು ಬೆಳಿಗ್ಗೆ ಹೋದಾಗ ಬಂಡೆಗಳ ಮೇಲೆ ನೀರು ಹರಿಯುತ್ತಿತ್ತು, ನೋಡುತ್ತಿದ್ದಂತೆಯೇ ಏರುತ್ತಿತ್ತು. ಅವ್ವ ನನ್ನ ಕೈ ಹಿಡಿದು ನಿಲ್ಲಿಸಿದಳು. "ಗೇಟ್ ತೆಗೆದಾರ ಕಾಣ್ತೈತಿ. ಇನ್ನ ನಾಕು ದಿನ ದಾರಿ ಇಲ್ಲ, ನಡಿ ವಾಪಸ್." ನಗಬೇಡಿ. ನಾನೂ ಹಾಗೆಯೇ ತಿಳಿದೆ. ನಮ್ಮ ಕಡೆ ನೀರು ಏರಿತೆಂದರೆ ಡ್ಯಾಮಿನ ಗೇಟು ತೆರೆದಿದ್ದಾರೆ ಎಂದೇ ಲೆಕ್ಕ. ಹೊಳೆ ದಾಟುವ ಕಂಪ್ಲಿ ಸೇತುವೆ ಮುಳುಗಿದರೆ ಗೇಟು ಮುಚ್ಚುವ ತನಕ ಮುಳುಗಿಯೇ ಇರುತ್ತದೆ. ಬಂದವರು ನೀರು ನೋಡಿ ಮನೆಗೆ ಹೋಗುತ್ತಾರೆ. ನಾವೂ ಅಷ್ಟು ದೂರ ಬಂದು, ಕಡಲಿಗೆ ಗೇಟಿಲ್ಲ ಎಂಬುದು ನೆನಪಾಗದೆ, ತಿರುಗಿ ಹೊರಟೆವು.

ದಾರಿಯಲ್ಲಿ ಒಬ್ಬಾಕೆ ಎಳನೀರು ಮಾರುತ್ತಿದ್ದಳು. ಶ್ರೀಕಾಕುಳಂ ಕಡೆಯವಳು. ಕಂಪ್ಲಿ ಸಂತೆಯಲ್ಲಿ ಕಲಿತ ತೆಲುಗಿನಲ್ಲಿ, ಅಲ್ಲಿಗೆ ಹೋಗಲು ಬೇರೆ ದಾರಿ ಇದೆಯೇ ಎಂದು ಕೇಳಿದೆ. ದಾರಿ ಯಾಕೆ, ಮಧ್ಯಾಹ್ನ ನೀರು ತಾನೇ ಇಳಿಯುತ್ತದೆ, ಅಲ್ಲಿಯವರೆಗೆ ಇನ್ನೊಂದು ಎಳನೀರು ಕುಡಿಯಿರಿ ಎಂದು ನಕ್ಕಳು. ಮಧ್ಯಾಹ್ನ ನಾವು ಆ ಕಲ್ಲಿನ ಕಮಾನಿನ ಕೆಳಗೆ ನಿಂತಿದ್ದೆವು. ಅವ್ವ ಸೀರೆ ಎತ್ತಿ ಕಟ್ಟಿಕೊಂಡು ನನಗಿಂತ ಮುಂದೆ ನಡೆದಳು. ಅಲ್ಲಿ ನನಗೆ ಅಳು ಬಂತು.

ಹೋದ ವರ್ಷ ಅವ್ವನ ಮನೆಗೆ ಬಂದಿದ್ದಾಗ ಗಂಗಾವತಿಯ ಆಸ್ಪತ್ರೆಯಲ್ಲಿ ನನಗೆ ಗರ್ಭ ನಿಲ್ಲದೆ ಹೋದ ದಿನ, ನೀವು ಸಂಡೂರಿನಿಂದ ಹೊರಟು ಹೊಳೆಯ ಆ ದಡದ ಕಂಪ್ಲಿಯವರೆಗೆ ಬಂದಿರಿ. ಅದನ್ನು ನಾನು ಯಾವತ್ತೂ ಅಲ್ಲಗಳೆದಿಲ್ಲ. ಸೇತುವೆಯ ಹತ್ತಿರ ನಿಂತು ಫೋನ್ ಮಾಡಿದಿರಿ: "ನೀರು ಬಂದೈತಿ, ಪೊಲೀಸರು ಬಿಡವಲ್ರು. ಇಳಿದ ಮ್ಯಾಲೆ ಬರ್ತೀನಿ." ನೀರು ಇಳಿದ ಮೇಲೆ ಬಂದಿರಿ, ಸೇಬು ತಂದಿದ್ದಿರಿ. ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಆಗಬೇಕಾದದ್ದೆಲ್ಲ ಆಗಿಹೋಗಿತ್ತು. ಪಕ್ಕದ ಮಂಚದವಳ ಗಂಡ ಅದೇ ದಿನ ಹೊಸಪೇಟೆಯಿಂದ ಬುಕ್ಕಸಾಗರದ ಎತ್ತರದ ಸೇತುವೆಯ ಮೇಲೆ ಸುತ್ತಿ ಬಸ್ಸಿನಲ್ಲಿ ಬಂದಿದ್ದ. ಅವನು ಅವಳ ಕಾಲು ಒತ್ತುವುದನ್ನು ನೋಡುತ್ತ ನಾನು ಮಲಗಿದ್ದೆ. ನಿಮಗೆ ಇದನ್ನು ಹೇಳಿರಲಿಲ್ಲ. ಸೇಬು ತಿನ್ನದಿದ್ದುದಕ್ಕೆ ಕಾರಣ ಅದು.

ನಿಮಗೆ ಪ್ರೀತಿ ಇಲ್ಲ ಎಂದು ವರ್ಷವಿಡೀ ನಂಬಿದ್ದೆ. ನಿನ್ನೆಯಿಂದ ಅಷ್ಟು ಖಾತ್ರಿ ಇಲ್ಲ. ನೀರು ಕಂಡರೆ ತಿರುಗುವುದು ನಮ್ಮೆಲ್ಲರ ಕಾಲಿಗೆ ರೂಢಿಯಾಗಿದೆ. ನನ್ನ ಕಾಲೂ ತಿರುಗಿತು. ಆದರೆ ಬರೀ ಒಂದು ಕಲ್ಲು ನೋಡುವುದಕ್ಕೇ ನಾನು ಒಬ್ಬರನ್ನು ದಾರಿ ಕೇಳಿದೆ. ನೀವು ಆ ದಿನ ಕಂಪ್ಲಿಯಲ್ಲಿ ಬೇರೆ ದಾರಿ ಇದೆಯೇ ಎಂದು ಯಾರನ್ನಾದರೂ ಕೇಳಿದಿರಾ? ವರ್ಷದಿಂದ ನನ್ನನ್ನು ಕೂರಗೊಡದೆ ಇರುವುದು ಇದೊಂದೇ ಪ್ರಶ್ನೆ. ಬರಲೋ ಬೇಡವೋ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಇದಕ್ಕೆ ನೀವು ಹೇಳುವುದರಲ್ಲೇ ಇದೆ.

ಇಂದು ಗಾಳಿ ಜೋರಾಗಿರುವುದರಿಂದ ಫೆರಿ ನಿಲ್ಲಿಸಿದ್ದಾರೆ. ಅದಕ್ಕೇ ಇಷ್ಟು ಹೊತ್ತು ಒಂದೆಡೆ ಕೂತು ಬರೆಯಲು ಆಯಿತು. ಅವ್ವ ಜೆಟ್ಟಿಯ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದಾಳೆ. ಆರೋಗ್ಯ ನೋಡಿಕೊಳ್ಳಿ, ಗಣಿಯ ಅದಿರಿನ ಧೂಳಿನಲ್ಲಿ ಮೂಗಿಗೆ ಬಟ್ಟೆ ಇಲ್ಲದೆ ಓಡಾಡಬೇಡಿ.

ಇನ್ನೂ ನಿಮ್ಮ ಮನೆಯ ಬೀಗದ ಕೈ ಇಟ್ಟುಕೊಂಡಿರುವ,
ಹೇಮಾವತಿ

ತಾ.ಕ.: ಕಾಗದ ಅಲ್ಲಿಂದ ಹಾಕಲು ಮನಸ್ಸಾಗಲಿಲ್ಲ, ಜೊತೆಗೇ ತಂದೆ. ಇವತ್ತು ಜುಲೈ 25, ಚಿಕ್ಕಜಂತಕಲ್ಲಿನಿಂದ ಅಂಚೆಗೆ ಹಾಕುತ್ತಿದ್ದೇನೆ. ನಿನ್ನೆ ಡ್ಯಾಮಿನ ಗೇಟು ತೆರೆದಿದ್ದಾರೆ, ಕಂಪ್ಲಿ ಸೇತುವೆ ಮುಳುಗಿದೆ. ನಾವು ಹೊಸಪೇಟೆ ಸ್ಟೇಷನ್ನಿನಲ್ಲಿ ಇಳಿದು ಬುಕ್ಕಸಾಗರದ ಮೇಲೆ ಬಂದೆವು, ಆ ದಾರಿಯಲ್ಲಿ ಬಸ್ಸುಗಳು ಓಡಾಡುತ್ತಿವೆ. ಅವ್ವ ಪಂಚಮಿಗೆ ಉಂಡಿ ಕಟ್ಟಲು ಕೂತಿದ್ದಾಳೆ. ಎಷ್ಟು ಮಂದಿಗೆ ಎಂದು ಬೆಳಿಗ್ಗೆಯಿಂದ ಕೇಳುತ್ತಿದ್ದಾಳೆ. ನಾನಿನ್ನೂ ಹೇಳಿಲ್ಲ.