ರಮಜಾನಬಿ ಕೇಳಿದ ಡಾಕ್ಟರು

ಯಾರದು ಇದನ್ನು ಬಿಚ್ಚಿ ಓದುತ್ತಿರುವುದು? ನಾಚಿಕೆ ಇಲ್ಲವೇ? ಇಡು ಕೆಳಗೆ. ಲಿಂಗಸುಗೂರಿನ ದವಾಖಾನೆ ಮುಟ್ಟುವ ಮೊದಲೇ ದಾರಿಯಲ್ಲಿ ಕಣ್ಣು ಮುಚ್ಚಿದ ನನ್ನ ಗೆಳತಿ ರಮಜಾನಬಿಗೆ ಬರೆದ ಕಾಗದ ಇದು.

ಲೇ ರಮಜಾನಬಿ, ನಿನ್ನೆ ನಿನ್ನ ಮೊಮ್ಮಗಳು ಅರ್ಜುಮಂದ್ ಮಸ್ಕಿಯಲ್ಲಿ ಬಸ್ಸಿಳಿದು ನಮ್ಮೂರಿಗೆ ಬಂದಿದ್ದಳು. ಶಾಸಕರು ವಿಧಾನಸಭೆಯಲ್ಲಿ ಯಾವ ಊರಿನ ಮಾತು ಎತ್ತುತ್ತಾರೆ, ಯಾವುದನ್ನು ಬಿಡುತ್ತಾರೆ ಎಂದು ಹುಡುಕಿ ಪುಸ್ತಕ ಬರೆಯುವುದೇ ಅವಳ ಕೆಲಸ. ಓಣಿಯವರು ದೊಡ್ಡ ಅಧಿಕಾರಿಯೆಂದು ತಿಳಿದು ಪಿಂಚಣಿ ಕಾಗದ ಹಿಡಿದು ಮುತ್ತಿಕೊಂಡರು. "ನಾ ಬರೇ ಬರಿಯಾಕಿ ರೀ," ಎಂದು ಹೇಳಿ ಹೇಳಿ ಅವಳಿಗೆ ಸಾಕಾಯಿತು.

ಆಮೇಲೆ ನನ್ನ ಪಕ್ಕ ಕುಳಿತು, ತನ್ನ ದಾದಿಯಾದ ನಿನ್ನ ಮಾತು ತೆಗೆದಳು. "ಅಜ್ಜಿ, ಎಮ್ಮೆಲ್ಲೆ ಬಾಗಿಲಿಗೆ ಬಂದಾಗ ನಮ್ಮ ದಾದಿ ಏನರ ಕೇಳಿದ್ಳೇನು?"

ಅವತ್ತು ನೀನು ನನ್ನ ಪಕ್ಕೆ ತಿವಿದು, "ಊರಿಗೆ ಡಾಕ್ಟರ್ ಬೇಕಂತ ಕೇಳ ಬೇ," ಎಂದು ಕಿವಿಯಲ್ಲಿ ಹೇಳಿದ್ದೆ. ನಾನು ಅವನ ಬಣ್ಣ ಹಚ್ಚಿದ ಮೀಸೆಯನ್ನು ಆಡಿಕೊಂಡು ಎಲ್ಲರನ್ನೂ ನಗಿಸಿದ್ದೆ. ಅವನೂ ನಗುತ್ತಲೇ ಮುಂದಿನ ಮನೆಗೆ ಹೋದ.

"ಕೇಳಿದ್ಳವ್ವ. ಡಾಕ್ಟರ್ ಬೇಕಂತ ಓಣಿಗೆಲ್ಲ ಕೇಳೂವಂಗ ಕೇಳಿದ್ಳು," ಎಂದೆ. ಹುಡುಗಿ ಕಣ್ಣೊರೆಸಿಕೊಂಡು ಬರೆದುಕೊಂಡಳು.

ಬರುವ ತಿಂಗಳು ಆ ಮಾತು ನಿನ್ನ ಹೆಸರಿನಲ್ಲಿ ಅಚ್ಚಾಗುತ್ತದಂತೆ. ಸುಳ್ಳು ಅನ್ನುವುದಿದ್ದರೆ ಅದಕ್ಕೂ ಮೊದಲೇ ಉತ್ತರ ಬರೆ.